ಈಶಾನ್ಯ ಕರಾವಳಿಯ ಒಂದು ಊರು

ಬೆಳಿಗ್ಗೆ ಪತ್ರಿಕೆಯವರ ಫೋನು.
ನಾಲ್ಕು ಸಾಲು ಸಾಕಂತೆ, ಆರನೇ ಪುಟ,
ಕುದುರೆ ಜೂಜಿನ ಫಲಿತಾಂಶದ ಮೇಲೆ.
ಹೆಸರು: ಸಿರಿಲ್ ಗಾರ್ತ್‌ವೇಟ್. ವಯಸ್ಸು: ಎಪ್ಪತ್ತೊಂದು.
ಹುಟ್ಟಿದ ಊರು?
ನನ್ನ ಬೆರಳು ಕೀಲಿಯ ಮೇಲೆ ಅಲ್ಲೇ ನಿಂತಿತು.

ಅವರು ಹೇಳಿದ್ದನ್ನೆಲ್ಲ ಮೂವತ್ತು ವರ್ಷ ಟೈಪು ಮಾಡಿದವಳು ನಾನು.
ಮೊದಲು ಲಂಡನ್ನಿನ ಒಂದು ನೆಲಮಾಳಿಗೆಯಲ್ಲಿ,
ಕಿಟಕಿಗೆ ಮರಳಿನ ಚೀಲ, ಮೇಜಿಗೆ ತಣ್ಣನೆಯ ಚಹಾ.
ನಾಳೆಯ ಪತ್ರಿಕೆಗಳ ಒದ್ದೆ ಅಚ್ಚನ್ನು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವರು,
ಕೈಯಲ್ಲಿ ನೀಲಿ ಪೆನ್ಸಿಲು.
ಹಡಗಿನ ಹೆಸರು ಹೋಯಿತು, ದಂಡಿನ ಹೆಸರು ಹೋಯಿತು,
ನಿನ್ನೆ ಮಳೆ ಬಂತು ಎಂಬುದೂ ಹೋಯಿತು.
ನಮ್ಮ ಮೋಡ ಎಲ್ಲಿದೆಯೆಂದು ಶತ್ರುವಿಗೆ ಯಾಕೆ ಹೇಳಬೇಕು?
ವರದಿಗಾರರು ಉಗಿದರೆ ನಕ್ಕು ಸಿಗರೇಟು ಚಾಚುವರು.
ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೆ ಒದೆಯುವ ಕಾಲ.

ಮೇ ತಿಂಗಳ ಎರಡು ರಾತ್ರಿ ಉರಿಯಿತು ಆ ಊರು.
ಹಡಗುಕಟ್ಟೆ, ಹಿಟ್ಟಿನ ಗಿರಣಿ, ಸಾಲುಮನೆ.
ಅಚ್ಚಿನಲ್ಲಿದ್ದ ಹೆಸರನ್ನು ಹೊಡೆದು ಮೇಲೆ ಬರೆದರು:
‘ಈಶಾನ್ಯ ಕರಾವಳಿಯ ಒಂದು ಊರು. ಹಾನಿ ಅಲ್ಪ.’
ಮೂರನೆಯ ದಿನ ತಂತಿ ಬಂತು, ತಂಗಿ ಎಡ್ನಾ,
ಬೀದಿಯ ಕೊನೆಯ ಅಡಗುದಾಣದಲ್ಲಿ.
ನಿಂತೇ ಓದಿದರು.
ಆಮೇಲೆ, ಕೈಗಂಟಿದ ಅಭ್ಯಾಸ,
ತಂತಿಯ ಮೇಲಿನ ಊರಿನ ಹೆಸರಿಗೂ
ನೀಲಿ ಗೀಟು ಎಳೆದರು.
ನಾನು ನೋಡಿದೆ. ನೋಡಲಿಲ್ಲವೆಂಬಂತೆ
ರಿಬ್ಬನ್ ಬದಲಿಸಿದೆ.

ಯುದ್ಧ ಮುಗಿಯಿತು. ವಾರ್ಡರ್ ಸ್ಟ್ರೀಟಿನಲ್ಲಿ ಎರಡು ಕೋಣೆ,
ಗೋಡೆ ತುಂಬ ನಗುವ ಮುಖ.
ಗುಡ್ಡವನ್ನು ಕಡ್ಡಿ ಮಾಡುತ್ತಿದ್ದವರು
ಕಡ್ಡಿಯನ್ನು ಗುಡ್ಡ ಮಾಡಲು ಕೂತರು, ಸಂಬಳ ಮೂರು ಪಟ್ಟು.
ಕುಡಿದು ಬಿದ್ದ ನಾಯಕನಿಗೆ ಇನ್‌ಫ್ಲುಯೆಂಜಾ.
ಮುಖ ಕಂಡರಾಗದ ಇಬ್ಬರಿಗೆ ಬ್ರೈಟನ್ನಿನ ದಡದಲ್ಲಿ
ಫೋಟೋಗ್ರಾಫರ್ ಬರುವ ಹೊತ್ತಿಗೆ ಸರಿಯಾಗಿ ಪ್ರೇಮ.

ಐವಿ ಬ್ಲೆಂಕಿನ್ ಬಂದದ್ದು ಆಗ. ಹತ್ತೊಂಬತ್ತು ವರ್ಷ,
ಸಾಲ ತಂದ ಕೈಗವಸು.
ಒಂದು ಮಾತಾಡಿದಳು, ಅಷ್ಟೆ.
ಅವರು ಕಪ್ಪು ಕೆಳಗಿಟ್ಟರು. ‘ಯಾವ ಬೀದಿ?’
ಹೇಳಿದಳು.
ಬಹಳ ಹೊತ್ತು ಕಿಟಕಿ ನೋಡಿ, ನನ್ನ ಕಡೆ ತಿರುಗಿ:
‘ಬರೆದುಕೊಳ್ಳಿ. ವೆರೋನಾ ಟ್ರೆಮೇನ್. ಹುಟ್ಟಿದ್ದು ಕಾರ್ನ್‌ವಾಲ್.
ನೌಕಾಪಡೆಯ ಕಪ್ತಾನರ ಒಬ್ಬಳೇ ಮಗಳು.’
‘ಅಮ್ಮನಿಗೆ ಏನು ಹೇಳಲಿ?’
‘ಅಮ್ಮ ತೀರಿಕೊಂಡಿದ್ದಾರೆ.’

ತೀರಿಕೊಂಡ ಅಮ್ಮ ಮೊದಲ ಪ್ರದರ್ಶನಕ್ಕೆ ರೈಲು ಹತ್ತಿ ಬಂದಳು.
ಹಗ್ಗದ ಆಚೆ, ಜನರ ನಡುವೆ ನಿಂತು,
ಮೀನು ಸೀಳಿ ಸೀಳಿ ಕೆಂಪಾದ ಕೈಯಲ್ಲಿ ಚಪ್ಪಾಳೆ ತಟ್ಟಿದಳು
ಕಪ್ತಾನರ ಮಗಳಿಗೆ.
ಸಿರಿಲ್ ಅವಳನ್ನು ಹಿಂಬಾಗಿಲಿಂದ ಒಳಗೆ ಕರೆತಂದು
ಕುರ್ಚಿ ಕೊಟ್ಟರು, ಚಹಾ ತಾವೇ ಬಸಿದರು.
ಬಾಗಿಲಾಚೆ ನಿಂತು ಕೇಳಿದೆ:
ಅದೇ ಎಳೆತ, ಅದೇ ಒರಟು ಸ್ವರ,
ಇಬ್ಬರೂ ಒಂದೇ ಕೇರಿಯ ಮಾತು.
ಆ ಮಾತು ಅವರ ಬಾಯಲ್ಲಿ ಕೇಳಿದ್ದು
ಅದೊಂದೇ ಸಲ.

ನಿನ್ನೆ ವೆರೋನಾಳಿಂದ ಹೂಗುಚ್ಛ ಬಂತು.
ಕಾರ್ಡಿನ ಒಕ್ಕಣೆ ಈಗಿನ ಯಾರೋ ಹುಡುಗನದು;
ಸಿರಿಲ್ ಇದ್ದಿದ್ದರೆ ಎರಡು ವಿಶೇಷಣ ಹೊಡೆಯುತ್ತಿದ್ದರು.

ಹುಟ್ಟಿದ ಊರು?
ಕಿತ್ತ ಹಲ್ಲಿನ ಗುಳಿಗೆ ನಾಲಿಗೆ ಹೋದ ಹಾಗೆ
ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ ಕಣ್ಣು.
ಮೂರೇ ಕೀಲಿ,
ಕೊನೆಯದನ್ನು ಮಾತ್ರ ಎರಡು ಸಲ ಒತ್ತಬೇಕು.
ಹಲ್.
ಒತ್ತಿದೆ.
ಜಾಗ ಸಾಲದೆಂದು ಯಾರಾದರೂ ಹೊಡೆದರೆ
ಹೊಡೆಯಲಿ. ಆದರೆ ಅವರು
ಮೊದಲು ಓದಬೇಕಲ್ಲ.